ಕೈ ಇನ್ನೂ ಇದೆ

ಸರ್ರ್, ಟಕ್ — ಮತ್ತೆ ತೆರೆಯಿತು, ಬೆನ್ನ ಹಿಂದೆ, ತಿರುಗಿ ನೋಡಬೇಕಾಗಿಲ್ಲ, ತೆರೆದರೆ ಒಳಗೇನಿದೆ ಎಂದು ಈ ಆಫೀಸಿನ ಹಾಲಿನಲ್ಲಿ ಕೂತವರಿಗೆಲ್ಲ ಗೊತ್ತು, ಬಿಳಿ ಗೋಡೆ, ಬಾಗಿಲಿಗೂ ಗೋಡೆಗೂ ನಡುವೆ ಒಂದು ಗೇಣು ಕತ್ತಲು, ಅಷ್ಟೇ, ಲಿಫ್ಟೇ ಇಲ್ಲದ ಲಿಫ್ಟ್ ಬಾಗಿಲು, ಪರೀಕ್ಷೆಗೆಂದು ಕಬ್ಬಿಣದ ಚೌಕಟ್ಟಿನಲ್ಲಿ ನಿಲ್ಲಿಸಿದ್ದು, ದಿನವಿಡೀ ಯಾರಿಗಾಗಿಯೋ ತೆರೆಯುತ್ತದೆ, ಯಾರೋ ಒಳಗೆ ಬಂದರೆಂಬಂತೆ ಕೊಂಚ ತಡೆಯುತ್ತದೆ, ಮುಚ್ಚಿಕೊಳ್ಳುತ್ತದೆ, ಹೊಸದಾಗಿ ಸೇರಿದವರು ಮೊದಲ ವಾರ ಅದಕ್ಕೆ ಬೆನ್ನು ಕೊಟ್ಟು ಕೂರುವುದಿಲ್ಲ, ನಾನು ಕೂರುತ್ತೇನೆ, ಆ ಬಾಗಿಲಿಗೆ ಬುದ್ಧಿ ಕಲಿಸಿದ ಗುರುವೇ ನಾನು, ಯಾವಾಗ ತೆರೆಯಬೇಕು ಎಷ್ಟು ಕಾಯಬೇಕು ಯಾವಾಗ ಮುಚ್ಚಬೇಕು ಎಂದು ಹೇಳುವ ಪ್ರೋಗ್ರಾಮು ನಮ್ಮದು, ಇಡೀ ಪಟ್ಟಣದ ಲಿಫ್ಟುಗಳು ನನ್ನ ಮಾತು ಕೇಳಿ ಏರುತ್ತವೆ, ನನ್ನ ಮಾತು ಕೇಳಿ ಇಳಿಯುತ್ತವೆ — ಇಡೀ ಪಟ್ಟಣ ಅಲ್ಲ, ಹತ್ತು ಹನ್ನೊಂದು ಕಟ್ಟಡ, ಇರಲಿ, ಹನ್ನೊಂದನ್ನು ಪಟ್ಟಣ ಮಾಡಲಾರದವನಿಗೆ ನಾಲಿಗೆ ಯಾಕೆ ಬೇಕು, ಇಲಿ ಹೋಯ್ತು ಅಂದ್ರೆ ಹುಲಿ ಹೋಯ್ತು ಅಂತೀಯಲ್ಲೋ, ಅಕ್ಕ ಅನ್ನುತ್ತಾಳೆ, ಚಿಕ್ಕಂದಿನಿಂದ ಅದನ್ನೇ ಅನ್ನುತ್ತಾಳೆ, ಲಕ್ವ ಹೊಡೆದು ಬಾಯಿ ಒಂದು ಪಕ್ಕ ವಾಲಿದ ಮೇಲೂ ಅನ್ನುತ್ತಾಳೆ, ಹುಲಿ ಎನ್ನುವಾಗ ನಾಲಿಗೆ ಸ್ವಲ್ಪ ಜಾರುತ್ತದೆ, ಆದರೂ ಚುಚ್ಚಬೇಕಾದಲ್ಲಿ ಚುಚ್ಚುತ್ತದೆ, ಟಕ್.

ಇಲ್ಲಿ ನನ್ನ ಹೆಸರು ಮರ್ಜ್ ಮಾವ, ಬೋರ್ಡಿನ ಮೇಲೆ ಬೇರೆ ಇದೆ, ಅದನ್ನು ಸಂಬಳ ಹಾಕುವವರು ಬಿಟ್ಟು ಯಾರೂ ಓದುವುದಿಲ್ಲ, ಯಾಕೆ ಈ ಬಿರುದು ಎಂದರೆ ಇಲ್ಲಿರುವ ಇಪ್ಪತ್ತು ಮಂದಿಯೂ ಒಂದೇ ಪ್ರೋಗ್ರಾಮನ್ನು ತಿದ್ದುತ್ತಾರೆ, ಒಂದೇ ಎಲೆಗೆ ಇಪ್ಪತ್ತು ಕೈ ಹಾಕಿದರೆ ಏನಾಗುತ್ತದೋ ಅದಾಗಬಾರದೆಂದು ಪ್ರತಿಯೊಬ್ಬರೂ ತಮ್ಮ ತಮ್ಮ ಪ್ರತಿ ಮಾಡಿಕೊಂಡು ಪಕ್ಕಕ್ಕೆ ಹೋಗಿ ತಿದ್ದುತ್ತಾರೆ, ಆ ಪಕ್ಕದ ದಾರಿಗೆ ಬ್ರಾಂಚ್ ಎನ್ನುತ್ತಾರೆ, ತಿದ್ದಿದ್ದನ್ನು ಗಂಟು ಕಟ್ಟಿ ಮೇಲೊಂದು ಚೀಟಿ ಅಂಟಿಸುತ್ತಾರೆ, ಏನು ಮಾಡಿದೆ ಯಾಕೆ ಮಾಡಿದೆ ಎಂದು ಒಂದು ಸಾಲು, ಆ ಗಂಟಿಗೆ ಕಮಿಟ್ ಎಂದು ಹೆಸರು, ಕೊನೆಗೆ ಎಲ್ಲವನ್ನೂ ಮುಖ್ಯ ದಾರಿಗೆ ತಂದು ಹೊಲಿಯುವುದಕ್ಕೆ ಮರ್ಜ್ ಎನ್ನುತ್ತಾರೆ, ಹೊಲಿಯುವವನು ಒಬ್ಬನೇ, ನಾನು, ನನ್ನ ಹೊಲಿಗೆಯಿಲ್ಲದೆ ಈ ಕಂಪನಿಯಿಂದ ಒಂದು ಸಾಲೂ ಹೊರಗೆ ಹೋಗುವುದಿಲ್ಲ, ಒಂದು ಬೆಳಿಗ್ಗೆ ನಲವತ್ತು ಬ್ರಾಂಚ್ ಹೊಲಿದಿದ್ದೇನೆ, ಕಾಫಿ ಆರುವುದರೊಳಗೆ, ಅದೂ ಎಡಗೈಯಲ್ಲಿ ಸೊಳ್ಳೆ ಹೊಡೆಯುತ್ತ, ಬೇರೆಯವರ ಬ್ರಾಂಚನ್ನು ಸಾಲು ಸಾಲು ಓದುತ್ತೇನೆ, ಇದೇನು ಬರೆದಿದ್ದೀಯಪ್ಪ, ನಿಮ್ಮಜ್ಜಿ ಹೆಣೆದ ಬುಟ್ಟಿನಾ ಎಂದು ವಾಪಸು ಕಳಿಸುತ್ತೇನೆ, ನನ್ನ ಹೆಸರಿನ ಬ್ರಾಂಚ್ ಬಂದರೆ ಓದುವುದಿಲ್ಲ, ನನ್ನದನ್ನು ನಾನೇ ಓದುವುದೆಂದರೆ ಕನ್ನಡಿಗೆ ಹಲ್ಲು ಕಿರಿದಂತೆ, ಕಣ್ಣು ಮುಚ್ಚಿ ಹೊಲಿಯುತ್ತೇನೆ, ವರ್ಷಗಳಿಂದ ಹಾಗೇ ಹೊಲಿದಿದ್ದೇನೆ, ಇನ್ನು ಒಂದೇ ಸಾಲನ್ನು ಇಬ್ಬರು ಎರಡು ಥರ ತಿದ್ದಿದ್ದರೆ ಯಂತ್ರ ಕೈ ಚೆಲ್ಲುತ್ತದೆ, ಮೇಲೊಂದು ಕೆಳಗೊಂದು ಎರಡನ್ನೂ ತೋರಿಸಿ ಯಾವುದು ಇರಲಿ ಎಂದು ಕೇಳುತ್ತದೆ, ಅದಕ್ಕೂ ನನ್ನ ಉತ್ತರ ಸಿದ್ಧ, ನನ್ನದು, ಆನೆ ನಡೆದದ್ದೇ ದಾರಿ, ಬೆರಳಿಗೆ ಅಭ್ಯಾಸವಾಗಿಬಿಟ್ಟಿದೆ, ತಲೆಯನ್ನು ಕೇಳುವುದಿಲ್ಲ, ಆದರೆ ಈಗ ಈ ಮಧ್ಯಾಹ್ನ ಊಟದ ಭಾರ ಕಣ್ಣ ಮೇಲಿರುವಾಗ ಯಂತ್ರ ತೋರಿಸುತ್ತಿರುವುದನ್ನು ನೋಡಿ ಬೆರಳು ನಿಂತಿದೆ, ಮೇಲಿನ ಸಾಲು, ಮೂರು ಸಲ ಅಡ್ಡ ಬಂದರೆ ಮತ್ತೆ ತೆರೆಯಬೇಡ, ಬಜರ್ ಹೊಡೆದು ಮುಚ್ಚಿಬಿಡು, ಕೆಳಗಿನ ಸಾಲು, ಏನಾದರೂ ಅಡ್ಡ ಇರುವಷ್ಟು ಹೊತ್ತೂ ಕಾಯಿ, ಇದನ್ನು ಬರೆದವರು ಯಾರು ಎಂದು ಕೇಳಿದೆ, ಹಾಗೆ ಕೇಳುವುದಕ್ಕೊಂದು ಆಜ್ಞೆ ಇದೆ, ಪ್ರತಿ ಸಾಲಿನ ಮಗ್ಗುಲಿಗೂ ಬರೆದವರ ಹೆಸರು ತಂದು ನಿಲ್ಲಿಸುತ್ತದೆ, ಮೇಲಿನದರ ಮಗ್ಗುಲಿಗೆ ನನ್ನ ಹೆಸರು, ಕೆಳಗಿನದರ ಮಗ್ಗುಲಿಗೂ ನನ್ನ ಹೆಸರು.

ಮೇಲಿನದು ನನ್ನದೇ, ನಿನ್ನೆ ಬರೆದದ್ದು, ಅಕ್ಕ ಇರುವ ಕಟ್ಟಡದ ಮ್ಯಾನೇಜರು ಫೋನ್ ಮಾಡಿದ್ದ, ಸಾರ್ ನಿಮ್ಮ ಬಾಗಿಲು ಒಂದು ಚೀಲ ಕಂಡ್ರೂ ಮದುವೆ ಮನೆ ಥರ ಕಾಯ್ತಾ ನಿಲ್ಲುತ್ತೆ, ಬೆಳಿಗ್ಗೆ ಹೊತ್ತು ಜನ ಮೆಟ್ಟಿಲು ಹತ್ತಿ ಬರ್ತಿದಾರೆ ಎಂದ, ಆ ಕಟ್ಟಡ ನಮ್ಮ ಪ್ರಯೋಗಶಾಲೆ, ಹೊಸದೇನು ಮಾಡಿದರೂ ಮೊದಲು ಅಲ್ಲಿಗೇ ಹೋಗುತ್ತದೆ, ನಾಲ್ಕು ಗಂಟೆಗೆ ಅಲ್ಲಿನ ಲಿಫ್ಟು ತಾನಾಗಿ ಇಂಟರ್ನೆಟ್ಟಿನಲ್ಲಿ ಬಂದು ಮುಖ್ಯ ದಾರಿಯಲ್ಲಿರುವ ಪ್ರೋಗ್ರಾಮನ್ನು ಎತ್ತಿಕೊಂಡು ಹೋಗುತ್ತದೆ, ದಿನಕ್ಕೆ ಒಂದೇ ಸಲ, ಆಯ್ತು ಬಿಡಪ್ಪ ನಿನ್ನ ಬಾಗಿಲಿಗೆ ಚುರುಕು ಮುಟ್ಟಿಸ್ತೀನಿ, ಮಿಂಚೂ ನಾಚಬೇಕು ಎಂದೆ, ಬರೆದೆ, ಕೆಳಗಿನದು ನಾನು ಬರೆದದ್ದಲ್ಲ, ದಿನಾಂಕ ಹೋದ ಗುರುವಾರದ್ದು, ಮಧ್ಯಾಹ್ನದ ಹೊತ್ತು, ಹೋದ ಗುರುವಾರ ಮಧ್ಯಾಹ್ನ ನಾನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದ್ದೆ, ಬಾಯಿ ಬಾವಿಯಷ್ಟು ತೆರೆದು, ಅರ್ಧ ಮುಖಕ್ಕೆ ಮರಗಟ್ಟುವ ಸೂಜಿ ಹಾಕಿಸಿಕೊಂಡು, ಅರ್ಧ ತುಟಿ ಯಾರದೋ ಆಗಿತ್ತು, ಆ ಹೊತ್ತಿಗೆ ಇಲ್ಲಿ ನನ್ನ ಹೆಸರಿನಲ್ಲಿ ಯಾರೋ ಕೂತು ಒಂದು ಸಾಲು ತಿದ್ದಿ ಮೇಲೆ ಚೀಟಿ ಅಂಟಿಸಿದ್ದಾರೆ, ಕೈ ಇನ್ನೂ ಇದೆ, ಅಷ್ಟೇ, ಮೂರು ಪದ, ಯಾರ ಕೈ, ಎಲ್ಲಿ ಇದೆ, ಸರ್ರ್, ಹಿಂದಕ್ಕೆ ಸರಿಸಿದೆ, ನನ್ನ ಹೆಸರಿನ ಗಂಟುಗಳನ್ನೆಲ್ಲ ಬಿಚ್ಚಿದೆ, ನನ್ನ ಚೀಟಿ ಎಲ್ಲಿದ್ದರೂ ನನಗೆ ಗುರುತು ಸಿಗುತ್ತದೆ, ಸರಿ ಮಾಡಿದೆ, ಮತ್ತೆ ಸರಿ ಮಾಡಿದೆ, ಸರಿ ಮಾಡಿದ್ದನ್ನು ಸರಿ ಮಾಡಿದೆ, ಅದಕ್ಕಿಂತ ಹೆಚ್ಚು ಬರೆದು ಅಭ್ಯಾಸವಿಲ್ಲ, ಅವುಗಳ ನಡುನಡುವೆ ಬೇರೆ ದನಿ, ಇವತ್ತು ಬಾಗಿಲು ಭುಜಕ್ಕೆ ಬಡಿಯಿತು, ತಳ್ಳುವ ಬಲ ಇಳಿಸಿದ್ದೇನೆ, ಒಳಗೆ ಬರಲು ನನಗೆ ಇನ್ನೂ ಸ್ವಲ್ಪ ಹೊತ್ತು ಬೇಕು, ಮಹಡಿಗಿಂತ ಲಿಫ್ಟು ಎರಡು ಬೆರಳು ಮೇಲೆ ನಿಲ್ಲುತ್ತದೆ, ಕಾಲು ತಡೆಯುತ್ತದೆ, ನೋಡಿ ತಗ್ಗಿಸಿದೆ, ಒಬ್ಬಳೇ ಇದ್ದಾಗ ದೀಪ ಆರದಿರಲಿ — ಇಲ್ಲ, ಒಬ್ಬರೇ ಇದ್ದಾಗ ಎಂದಿದೆ, ಕಣ್ಣು ಯಾಕೆ ಹಾಗೆ ಓದಿತು, ಎಷ್ಟೋ ಇವೆ, ತಿಂಗಳುಗಟ್ಟಲೆ ಹಿಂದಿನಿಂದ, ಎಲ್ಲವೂ ನನ್ನ ಹೆಸರು, ಎಲ್ಲವನ್ನೂ ನಾನೇ ಹೊಲಿದಿದ್ದೇನೆ, ಓದದೆ.

ಮೊದಲು ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ, ನಾನು ನಿದ್ದೆಯಲ್ಲೂ ಕೆಲಸ ಮಾಡುವ ಮಹಾಪುರುಷ, ಜನ ನಿದ್ದೆಯಲ್ಲಿ ಎದ್ದು ನಡೆಯುತ್ತಾರೆ, ನಾನು ನಿದ್ದೆಯಲ್ಲಿ ಲಿಫ್ಟು ತಿದ್ದುತ್ತೇನೆ, ದೊಡ್ಡವರು ಹೋದ ತಿಂಗಳು ತಮ್ಮ ಗಾಜಿನ ಕೋಣೆಗೆ ಕರೆದು ಏನ್ರೀ ಬಾಗಿಲು ಇಷ್ಟು ಮೆತ್ತಗೆ ಮಾಡಿದೀರಿ, ಬೆಣ್ಣೆ ಹಾಗೆ ಎಂದಾಗ ನಾನು ತಲೆ ತಗ್ಗಿಸಿ, ಏನೋ ಸಾರ್ ನಿಮ್ಮ ಆಶೀರ್ವಾದ ಎಂದಿದ್ದೆ, ಯಾವ ಬಾಗಿಲು ಎಂದು ಕೇಳಿರಲಿಲ್ಲ, ಹೊಗಳಿಕೆ ಬಂದರೆ ವಿಳಾಸ ಕೇಳುವ ಅಭ್ಯಾಸ ನನಗಿಲ್ಲ, ಆಮೇಲೆ ಹೆಮ್ಮೆ ಇಳಿಯಿತು, ಯಾಕೆಂದರೆ ಈ ಚೀಟಿ ಬರೆಯುವ ನಾನು ನನ್ನಂತಿಲ್ಲ, ನಿಧಾನದವನು, ಬಾಗಿಲಿಗೆ ಭುಜ ಬಡಿಸಿಕೊಳ್ಳುವವನು, ಎರಡು ಬೆರಳು ಎತ್ತರಕ್ಕೂ ಎಡವುವವನು, ಜಂಬ ಕೊಚ್ಚಿಕೊಳ್ಳುವುದಿಲ್ಲ, ಅವನ ಒಂದೇ ಒಂದು ಚೀಟಿಯಲ್ಲೂ ಸರಿ ಮಾಡಿದೆ ಎಂಬ ಮಾತಿಲ್ಲ, ನೋಡಿದೆ ಇಳಿಸಿದೆ ತಗ್ಗಿಸಿದೆ, ನಾನು ಕುರ್ಚಿ ಬಿಟ್ಟೆದ್ದ ಹೊತ್ತು ನೋಡಿಕೊಂಡು ಬಂದು ಕೂರುತ್ತಾನೆ, ನಾನು ಬರುವುದರೊಳಗೆ ಎದ್ದು ಹೋಗುತ್ತಾನೆ, ಎಲ್ಲಿಗೆ, ಈ ಹಾಲಿನಲ್ಲಿ ಒಬ್ಬ ಮನುಷ್ಯ ಬಚ್ಚಿಟ್ಟುಕೊಳ್ಳುವಷ್ಟು ಜಾಗ ಎಲ್ಲಿದೆ — ಸರ್ರ್ — ಬಾಗಿಲಿಗೂ ಗೋಡೆಗೂ ನಡುವಿನ ಆ ಒಂದು ಗೇಣು, ಟಕ್, ತಿರುಗಿ ನೋಡಬಾರದು, ನೋಡಿದೆ, ಬಿಳಿ ಗೋಡೆ, ಅದರ ಮೇಲೆ ಎದೆಯೆತ್ತರದಲ್ಲಿ ಒಂದು ಮಾಸಲು ಕಲೆ, ಕೈ ಊರಿದರೆ ಆಗುವಂಥದು, ಎಲ್ಲ ಗೋಡೆಗಳಲ್ಲೂ ಇರುತ್ತದೆ ಬಿಡು, ಬಣ್ಣ ಬಳಿಯುವವನದಿರಬೇಕು, ಮುಚ್ಚಿಕೊಂಡಿತು.

ಅಕ್ಕನಿಗೆ ಹೇಳಿದರೆ ನಗುತ್ತಾಳೆ, ನನಗೆ ಪ್ರೋಗ್ರಾಮು ಬರೆಯಲು ಕಲಿಸಿದವಳೇ ಅವಳು, ಹೊರಗೆ ಕೇಳಿದವರಿಗೆ ನಾನು ಹುಟ್ಟುವಾಗಲೇ ಕಲಿತು ಬಂದೆ ಎನ್ನುತ್ತೇನೆ, ಅವಳೂ ಇಂಥದೇ ಹಾಲಿನಲ್ಲಿ ಇಂಥದೇ ಕುರ್ಚಿಯಲ್ಲಿ ಹದಿನೈದು ವರ್ಷ ಕೂತವಳು, ಒಂದು ದಿನ ಕುರ್ಚಿಯಿಂದ ಜಾರಿದಳು, ಎಡಗಡೆ ಪೂರ್ತಿ ಹೋಯಿತು, ಕಾಲು ವಾಕರ್ ಹಿಡಿದು ನಡೆಯುವಷ್ಟು ಬಂತು, ಕೈ ಚಾಚಿ ಇಡುವಷ್ಟು ಬಂತು, ಸ್ಪರ್ಶ ಬರಲಿಲ್ಲ, ಎಡಗೈ ಮುಟ್ಟಿದರೆ ಗೊತ್ತಾಗಲ್ಲ ಕಣೋ, ಬಿಸಿ ಪಾತ್ರೆ ಮೇಲಿಟ್ಟಿದ್ದೆ, ವಾಸನೆ ಬಂದ ಮೇಲೆ ತಿಳೀತು ಎಂದು ನಗುತ್ತ ಹೇಳುತ್ತಾಳೆ, ಅಂಥದಕ್ಕೆಲ್ಲ ನಗುವವಳು, ಆರನೇ ಮಹಡಿಯಲ್ಲಿ ಒಬ್ಬಳೇ ಇರುತ್ತಾಳೆ, ನಮ್ಮನೇಗೆ ಬಾರೇ ಎಂದರೆ ನಿನ್ನ ಬಡಾಯಿ ಕೇಳ್ಕೊಂಡು ಇರೋದಕ್ಕಿಂತ ಲಿಫ್ಟ್ ಜತೆ ಸಂಸಾರ ಮಾಡೋದು ಮೇಲು ಎನ್ನುತ್ತಾಳೆ, ಸಂಜೆ ನಾಲ್ಕು ದಾಟುತ್ತಿದ್ದಂತೆ ಕೆಳಗಿಳಿದು ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂರುತ್ತಾಳೆ, ಅದೊಂದೇ ಅವಳ ಊರು ಸುತ್ತಾಟ, ಹೋದ ಶನಿವಾರ ಫೋನ್ ಮಾಡಿ, ಲೋ ಲಿಫ್ಟು ಈಗ ಕಾಯುತ್ತೆ ಕಣೋ, ಕೈ ಅಡ್ಡ ಇಟ್ಟರೆ ಎಷ್ಟು ಹೊತ್ತಾದ್ರೂ ಕಾಯುತ್ತೆ, ವಾಕರ್ ಒಳಗಿಟ್ಟು ಕಾಲು ಒಳಗಿಟ್ಟು ಕೊನೇಲಿ ಕೈ ತಗೊಂಡ್ರೆ ಆಯ್ತು ಎಂದಳು, ನಾನೇ ಮಾಡಿದ್ದು ಅಕ್ಕ, ನಿನಗೋಸ್ಕರ, ಮೂರು ರಾತ್ರಿ ನಿದ್ದೆಗೆಟ್ಟು ಮಾಡಿದ್ದು ಎಂದೆ, ಆ ಕಡೆ ನಗು, ಎಷ್ಟು ನಕ್ಕಳೆಂದರೆ ಕೆಮ್ಮು ಬಂದು ಫೋನ್ ಇಟ್ಟಳು, ಪಾಪ ಖುಷಿಗೆ ನಗ್ತಿದಾಳೆ ಎಂದುಕೊಂಡೆ, ಮೂರು ರಾತ್ರಿ ಎಂದದ್ದು ಮೂರು ಎಂದೇ ನನಗೂ ನೆನಪಾಗಿಬಿಟ್ಟಿತು, ಒಂದು ರಾತ್ರಿ ಮಳೆ ಬಂದದ್ದು ಕೂಡ.

ಮಾವ, ಆಯ್ತಾ, ಸೂಜಿ ಬಂದು ನಿಂತಿದ್ದಾಳೆ, ಪರೀಕ್ಷೆ ಮಾಡುವವಳು, ಎಲ್ಲರ ಕೆಲಸಕ್ಕೂ ತೂತು ಹಾಕುತ್ತಾಳೆಂದು ಆ ಹೆಸರು, ಕಂಕುಳಲ್ಲಿ ಚಿಕ್ಕಪ್ಪ, ಚಿಕ್ಕಪ್ಪ ಎಂದರೆ ಮರಳು ತುಂಬಿದ ರಬ್ಬರ್ ಕೈಗವಸು, ಬಾಗಿಲ ಸಂದಿಗೆ ಇಟ್ಟು ನೋಡುವುದಕ್ಕೆ, ಹೆಬ್ಬೆರಳು ಯಾವಾಗಲೋ ಹರಿದುಹೋಗಿ ನಾಲ್ಕೇ ಬೆರಳು ಉಳಿದಿದೆ, ಎರಡು ನಿಮಿಷ ತಾಯಿ ಎಂದೆ, ನಿಮ್ಮ ಎರಡು ನಿಮಿಷದಲ್ಲಿ ನನಗೆ ಮದುವೆ ಆಗಿ ಮಕ್ಕಳು ಶಾಲೆಗೆ ಹೋಗ್ತಾವೆ, ನಾಲ್ಕಾಗ್ತಾ ಬಂತು, ದೊಡ್ಡವರು ಎರಡು ಸಲ ಕತ್ತು ಉದ್ದ ಮಾಡಿ ನೋಡಿದ್ರು, ಅಲ್ಲಮ್ಮ, ಮನುಷ್ಯ ನಿದ್ದೆಯಲ್ಲಿ ಕೆಲಸ ಮಾಡ್ತಾನೆ ಅಂದ್ರೆ ನಂಬ್ತೀಯಾ ಎಂದೆ, ನೀವು ಎಚ್ಚರ ಇದ್ದಾಗ ಮಾಡ್ತೀರಿ ಅನ್ನೋದೇ ನನಗೆ ಅನುಮಾನ ಮಾವ, ಅವಳು ಚಿಕ್ಕಪ್ಪನ ಕೈಯಿಂದ ನನ್ನ ಮೇಜು ತಟ್ಟಿದಳು, ಬೇಗ ಬೇಗ, ಮರಳು ತುಂಬಿದ ಬೆರಳು ಮೇಜಿಗೆ ಬಿದ್ದಾಗ ಸದ್ದಿಲ್ಲ, ಮೆತ್ತಗೆ, ಹೆಣದ ಕೈಯಂತೆ, ಅವನು ಇದ್ದಾನೆ, ಹಿಂದೆ, ಗೇಣು ಕತ್ತಲಲ್ಲಿ, ನನ್ನ ಹೆಸರು ಹೊದ್ದುಕೊಂಡು, ಎರಡೂ ನನ್ನವೇ ಎಂದ ಮೇಲೆ ಯಾವುದಾದರೇನು, ಮೇಲಿನದು ಗೊತ್ತಿರುವ ನಾನು, ಕೆಳಗಿನದು ಗೊತ್ತಿಲ್ಲದ ನಾನು, ಗೊತ್ತಿಲ್ಲದ ನಾನು ತೊಲಗಲಿ, ಬೆರಳು ತಲೆಯನ್ನು ಕೇಳಲಿಲ್ಲ, ನನ್ನದು ಎಂದು ಒತ್ತಿತು, ಕೆಳಗಿನ ಸಾಲು ಮಾಯವಾಯಿತು, ಹೊಲಿಗೆ ಬಿತ್ತು, ಮುಖ್ಯ ದಾರಿಗೆ ತಳ್ಳಿದೆ, ಸರಿ ಮಾಡಿದೆ ಎಂದು ಚೀಟಿ ಅಂಟಿಸಿದೆ, ಉಸಿರು ಬಿಟ್ಟೆ, ಆಯ್ತು ಹೋಗಮ್ಮ ನಿನ್ನ ಚಿಕ್ಕಪ್ಪನಿಗೆ ಬಾಗಿಲು ತೋರಿಸು, ಅವಳು ಹೋಗುತ್ತ ಹೋಗುತ್ತ ತಿರುಗಿ, ಅಂದ ಹಾಗೆ ಮಾವ, ಸ್ಟೋರಿನವರು ಕೇಳ್ತಿದ್ರು, ನಿಮ್ಮ ಹೆಸರಲ್ಲಿ ಎರಡು ಲ್ಯಾಪ್‌ಟಾಪ್ ಇದೆಯಂತೆ, ಹಳೇದು ವಾಪಸು ಬಂದೇ ಇಲ್ವಂತೆ, ಮೂಲೆ ಒಡೆದಿದ್ದು, ಎಲ್ಲಿಟ್ಟಿದೀರಿ.

ಮೂಲೆ ಒಡೆದಿದ್ದು. ಎಲ್ಲಿಟ್ಟಿದ್ದೇನೆ, ಆರನೇ ಮಹಡಿಯಲ್ಲಿಟ್ಟಿದ್ದೇನೆ, ಕಿಟಕಿಯ ಪಕ್ಕದ ಮೇಜಿನ ಮೇಲೆ, ಸುಮ್ಮನೆ ಕೂತು ಗೋಡೆ ನೋಡ್ತೀಯ, ಇದನ್ನಿಟ್ಟುಕೊಂಡು ಟೈಂಪಾಸ್ ಮಾಡು ಅಕ್ಕ, ಆಟ ಗೀಟ ಆಡು ಎಂದು ನಾನೇ ಕೊಟ್ಟದ್ದು, ಅದರೊಳಗಿನದು ಒಂದೂ ಅಳಿಸದೆ ಕೊಟ್ಟದ್ದು, ಒಂದು ಯಂತ್ರದಲ್ಲಿ ಒಮ್ಮೆ ಹೆಸರು ಬರೆದಿಟ್ಟರೆ ಮುಂದೆ ಅದರ ಮುಂದೆ ಯಾರು ಕೂತು ಏನು ಗಂಟು ಕಟ್ಟಿದರೂ ಅದೇ ಹೆಸರು ಬೀಳುತ್ತದೆ, ಬದಲಿಸುವವರೆಗೂ, ಹೊಸಬರಿಗೆ ಮೊದಲ ದಿನವೇ ನಾನು ಗದರಿಸಿ ಹೇಳಿಕೊಡುವ ಪಾಠ ಅದು, ಕೂತ ತಕ್ಷಣ ಹೆಸರು ಬದಲಿಸ್ರೋ, ಇಲ್ದಿದ್ರೆ ನಿಮ್ಮ ಪಾಪ ಇನ್ನೊಬ್ಬರ ತಲೆ ಮೇಲೆ ಬೀಳುತ್ತೆ, ನನ್ನ ಹೆಸರೂ ನನ್ನ ಬೀಗದಕೈಯೂ ಅದರಲ್ಲಿದೆ, ಒಂದೇ ಕೈಯಲ್ಲಿ, ಬಲಗೈಯಲ್ಲಿ, ಒಂದೊಂದೇ ಅಕ್ಷರ ಕುಟ್ಟುತ್ತ, ಬಾಗಿಲು ಭುಜಕ್ಕೆ ಬಡಿದ ದಿನ ಮೇಲೆ ಬಂದು ಕೂತು, ಇವತ್ತು ಭುಜಕ್ಕೆ ಬಡಿಯಿತು ಎಂದು, ಕಾಲು ತಡೆದ ದಿನ ತಡೆಯಿತು ಎಂದು, ಎಲ್ಲ ಚೀಟಿಗಳೂ ಈಗ ಒಂದು ಪಕ್ಕ ವಾಲಿದ ಬಾಯಲ್ಲಿ ಕೇಳಿಸುತ್ತಿವೆ, ಒಳಗೆ ಬರಲು ನನಗೆ ಇನ್ನೂ ಸ್ವಲ್ಪ ಹೊತ್ತು ಬೇಕು, ನನ್ನ ಹಿಂದಿನ ಕತ್ತಲಲ್ಲಿ ಯಾರೂ ಇಲ್ಲ, ಯಾರೂ ಇದ್ದಿರಲೇ ಇಲ್ಲ, ದೆವ್ವವಾದರೂ ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು, ಈಗ ಅಳಿಸಿದ್ದು ಯಾರನ್ನು, ನಾನೇ ಮಾಡಿದ್ದು ಅಕ್ಕ ಎಂದಾಗ ಅಷ್ಟು ಹೊತ್ತು ನಕ್ಕದ್ದು ಯಾವುದಕ್ಕೆ, ಹಿಂದೆಗೆದುಕೊಳ್ಳಬಹುದು, ಅದಕ್ಕೇ ಅಲ್ಲವೇ ಈ ಕಟ್ಟೋಣವೆಲ್ಲ ಇರುವುದು, ಇಲ್ಲಿ ಯಾವ ತಪ್ಪೂ ಸಾಯುವುದಿಲ್ಲ ಯಾವ ಸಾಲೂ ಕಳೆಯುವುದಿಲ್ಲ, ನಿನ್ನೆಗೆ ಹೋಗಬಹುದು ಮೊನ್ನೆಗೆ ಹೋಗಬಹುದು, ಕಾಲವನ್ನು ಬಟ್ಟೆಯಂತೆ ಮಡಿಸಿ ಬಿಚ್ಚುವವನು ನಾನು, ಒಂದೇ ಆಜ್ಞೆ, ಹಿಂದೆಗೆದೆ, ಕೆಳಗಿನ ಸಾಲು ಮತ್ತೆ ಬಂದು ಕೂತಿತು, ಏನಾದರೂ ಅಡ್ಡ ಇರುವಷ್ಟು ಹೊತ್ತೂ ಕಾಯಿ, ಚೀಟಿಯಲ್ಲಿ ಏನು ಬರೆಯಲಿ, ಸರಿ ಮಾಡಿದೆ ಎಂದು ಬರೆಯಲಾಗಲಿಲ್ಲ, ಬೆರಳು ತಾನೇ ಬರೆಯಿತು, ಕೈ ಇನ್ನೂ ಇದೆ, ತಳ್ಳಿದೆ, ಗಡಿಯಾರ ನೋಡಿದೆ, ನಾಲ್ಕು ದಾಟಿದೆ, ಆ ಕಟ್ಟಡದ ಹೆಸರಿನ ಮುಂದೆ ಹಸಿರು ಚುಕ್ಕೆ, ಬಂದಿತ್ತು, ಎತ್ತಿಕೊಂಡು ಹೋಯಿತು, ನನ್ನದನ್ನು, ಇನ್ನು ಬರುವುದು ನಾಳೆ.

ಫೋನ್ ಹೋಗುತ್ತಿದೆ, ಎತ್ತು ಅಕ್ಕ, ಇವತ್ತು ಮೈ ಸರಿಯಿಲ್ಲದೆ ಮಲಗಿರಲಿ, ನೆಂಟರು ಯಾರಾದರೂ ಬಂದು ಕೂತು ತಲೆ ತಿನ್ನುತ್ತಿರಲಿ, ಬೆನ್ನ ಹಿಂದೆ ಸೂಜಿ ನಾನು ಮೊದಲು ತಳ್ಳಿದ್ದನ್ನೇ ಬಾಗಿಲಿಗೆ ತುಂಬಿಕೊಂಡು ಚಿಕ್ಕಪ್ಪನನ್ನು ಬೆರಳು ತನ್ನ ಕಡೆಗೆ ಮಾಡಿ ಸಂದಿಗೆ ಹಿಡಿದಿದ್ದಾಳೆ, ಸರ್ರ್, ಬಾಗಿಲು ಬಂದು ಬೆರಳು ಮುಟ್ಟಿ ಹಿಂದೆ ಸರಿಯಿತು, ಒಂದು, ಎತ್ತು, ಹಲೋ, ಹೂಂ ಹೇಳೋ, ಅಕ್ಕ ಎಲ್ಲಿದೀಯ, ಎಲ್ಲಿರ್ತೀನಿ, ನನ್ನ ಗಂಡನ ಮನೆ ಬಾಗಿಲಲ್ಲಿ, ಲಿಫ್ಟು ಬಂತು, ಫೋನು ಕೊರಳಲ್ಲಿ ನೇತಾಕಿದೀನಿ, ಜೋರಾಗಿ ಮಾತಾಡು, ಅಕ್ಕ ಲಿಫ್ಟ್ ಹತ್ತಬೇಡ, ಏನು, ಇರೋ ವಾಕರ್ ಒಳಗಿಟ್ಟೆ, ಅದರೊಳಗಿಂದಲೂ ಸರ್ರ್ ಎಂಬ ಸದ್ದು, ನನ್ನ ಕಿವಿಯಲ್ಲೊಂದು ಬೆನ್ನ ಹಿಂದೊಂದು, ಎರಡು, ಅಕ್ಕ ಕೈ ತೆಗಿ, ಬಾಗಿಲಿಂದ ಕೈ ತೆಗಿ, ಏನ್ ಒದರ್ತೀಯೋ, ಕಾಲೊಂದು ಬರಲಿ, ಎಡಗೈ ಅಡ್ಡ ಇಟ್ಟಿದೀನಿ, ಕಾಯುತ್ತೆ ಬಿಡು, ನೀನೇ ಮಾಡಿದ್ದಲ್ವಾ, ಮೂರು ರಾತ್ರಿ ನಿದ್ದೆಗೆಟ್ಟು, ನಗು ಶುರುವಾಯಿತು, ಅಕ್ಕ ನಾನಲ್ಲ, ನಾನು ಮಾಡಿದ್ದಲ್ಲ, ಕೈ ತೆಗಿ, ಬಜರ್ ಹೊಡೆಯಿತು, ನಾನು ಇಟ್ಟ ಬಜರು, ಕಿವಿಯಲ್ಲೂ ಬೆನ್ನ ಹಿಂದೆಯೂ ಒಟ್ಟಿಗೆ, ಏನೋ, ಇಲ್ಲೇನೋ ಕಿರುಚ್ತಿದೆ, ನೀನು ಹೇಳೋದು ಕೇಳಿಸ್ತಿಲ್ಲ ಕಣೋ, ಕೈ ಅಕ್ಕ ಕೈ, ಬಜರಿನೊಳಗೆ ನನ್ನ ದನಿ ನನಗೇ ಕೇಳಿಸುವುದಿಲ್ಲ, ಅವಳ ಕೈಗೆ ಮುಟ್ಟಿದ್ದು ತಿಳಿಯುವುದಿಲ್ಲ, ತಿರುಗಿದೆ, ಸರ್ರ್, ಕಿವಿಯಲ್ಲೂ ಕಣ್ಣೆದುರಿಗೂ, ಈ ಸಲ ಹಿಂದೆ ಸರಿಯಲಿಲ್ಲ, ಬಿಳಿ ಗೋಡೆ ಸಣ್ಣದಾಗುತ್ತ ಗೀಟಾಯಿತು, ಗೀಟು ಹೋಯಿತು, ಎರಡು ಬಾಗಿಲು ಒಂದಾದ ಕಡೆ, ಹೊರಗೆ, ಸೂಜಿಯ ಎದೆಯ ಎತ್ತರದಲ್ಲಿ, ಚಿಕ್ಕಪ್ಪನ ನಾಲ್ಕು ಬೆರಳು — ಕೈ ಇನ್ನೂ ಇದೆ, ನಾಲ್ಕು ಬೆರಳು, ನಾಲ್ಕು ಬೆರಳು